ಮೆಟ್ಟಿಲ ಮೇಲಿನ ಮುನಿಸು

“ಈ ಮನೇಲಿ ನನ್ನನ್ನ ಕೇಳೋರು ಯಾರಾದ್ರೂ ಇದಾರಾ?”

ಊಟದ ಕೋಣೆಯ ಮೂಲೆಯಲ್ಲಿದ್ದ ಬೇಸಿನ್ನಿನ ಮುಂದೆ ನಿಂತು, ಒಂದು ಕೆನ್ನೆ ಬೋಳಿಸಿ ಇನ್ನೊಂದು ಕೆನ್ನೆಗೆ ನೊರೆ ಮೆತ್ತಿಕೊಂಡಿದ್ದ ನಲ್ಲಿಯಣ್ಣ ಗಟ್ಟಿಯಾಗಿ ಕೇಳಿದ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕನ್ನಡಿಯಲ್ಲಿದ್ದವನು ಏನೋ ಹೇಳುವಂತೆ ಬಾಯಿ ತೆರೆದನಾದರೂ, ಅವನೂ ಅದೇ ಪ್ರಶ್ನೆಯನ್ನೇ ಕೇಳುತ್ತಿದ್ದ.

ನಲ್ಲಿಯಣ್ಣ ಎಂಬುದು ಕಟ್ಟಡದವರು ಇಟ್ಟ ಹೆಸರು. ಅವನಿಗೆ ನಲ್ಲಿ, ಪೈಪು, ವಾಷರು ಮಾರುವ ಅಂಗಡಿಯಲ್ಲಿ ಕೆಲಸ. ಕಣ್ಣು ಮುಚ್ಚಿ ಕೂರಿಸಿದರೂ ನೀರು ಬೀಳುವ ಸದ್ದಿನಿಂದಲೇ ಅದು ಯಾವ ನಲ್ಲಿ, ಎಷ್ಟು ತೆರೆದಿದೆ ಎಂದು ಹೇಳಬಲ್ಲ. ವಯಸ್ಸು ನಲವತ್ತು ದಾಟಿತ್ತು. ತಲೆಯ ಕೂದಲು ಒಂದೊಂದಾಗಿ ರಾಜೀನಾಮೆ ಕೊಡುತ್ತಿತ್ತು. ಆದರೆ ಕೆಳದುಟಿಗೆ ಮಾತ್ರ ಇನ್ನೂ ನಾಲ್ಕರ ಪ್ರಾಯ. ಸ್ವಲ್ಪ ನೋವಾದರೆ ಸಾಕು, ಅದು ಮುಂದಕ್ಕೆ ಬಂದು ಅಂಗಳದ ಜಗಲಿಯ ಹಾಗೆ ಚಾಚಿಕೊಳ್ಳುತ್ತಿತ್ತು.

ಈಗ ಅದು ಚಾಚಿಕೊಂಡಿತ್ತು. ಕಾರಣ ಇಷ್ಟೇ. ಅಡುಗೆಮನೆಯಲ್ಲಿ ಹೆಂಡತಿ ತನ್ನ ಅಕ್ಕನೊಡನೆ ಫೋನಿನಲ್ಲಿ ನಗುತ್ತ ಹೇಳಿದ್ದು ಅವನ ಕಿವಿಗೆ ಬಿದ್ದಿತ್ತು. “ಅಯ್ಯೋ ಅಕ್ಕಾ, ಇವರು ಊರವರಿಗೆಲ್ಲ ನಲ್ಲಿ ಮಾರ್ತಾರೆ. ನಮ್ಮನೆ ಬೇಸಿನ್ ನಲ್ಲಿ ನೋಡು, ನೆಗಡಿ ಮೂಗಿನ ಹಾಗೆ ತೊಟ್ಟಿಕ್ತಾನೇ ಇರುತ್ತೆ. ಒಂದು ವಾಷರ್ ಹಾಕಿ ಅಂದ್ರೆ ನಾಳೆ ಅಂತಾರೆ.”

ಹೇಳಿದ್ದು ಸುಳ್ಳಲ್ಲ. ಆದರೆ ನಕ್ಕಿದ್ದು ಸರಿಯೇ? ಅದೂ ಅಕ್ಕನ ಮುಂದೆ!

ಹೆಂಡತಿ ಫೋನಿಟ್ಟು ಹೊರಗೆ ಬಂದಾಗ ಅವನು ಕತ್ತಿ ಹಿಡಿದ ಸೇನಾಪತಿಯಂತೆ ರೇಜರ್ ಎತ್ತಿ ಕಾಯುತ್ತಿದ್ದ.

“ಯಾವ ನಲ್ಲಿ ತೊಟ್ಟಿಕ್ತಿದೆ? ತೋರ್ಸು.”

“ನಿಮ್ಮ ಮುಂದೆ ಇರೋದೇ.”

ನಲ್ಲಿಯಣ್ಣ ನಲ್ಲಿಯನ್ನು ಬಲಕ್ಕೆ ತಿರುಗಿಸಿದ. ಎಡಕ್ಕೆ ತಿರುಗಿಸಿದ. ಕೋಪ ಸಾಲದೆಂದು ಮತ್ತೂ ಎಡಕ್ಕೆ ತಿರುಗಿಸಿದ. ಒಂದು ತೊಟ್ಟೂ ಬೀಳಲಿಲ್ಲ.

“ಎಲ್ಲಿದೆ ನೆಗಡಿ? ಹೇಳು, ಎಲ್ಲಿದೆ?”

“ಟ್ಯಾಂಕೇ ಖಾಲಿ ಕಣ್ರೀ. ವಾಚ್‌ಮನ್ ಇನ್ನೂ ಪಂಪ್ ಹಾಕಿಲ್ಲ,” ಎಂದು ಅವಳು ಮತ್ತೆ ನಕ್ಕಳು.

ಒಂದೇ ಬೆಳಗ್ಗೆ ಎರಡನೆಯ ನಗೆ. ನಲ್ಲಿಯಣ್ಣ ನೊರೆಯನ್ನು ಟವಲಿನಿಂದ ಒರೆಸಿ, ಆ ಟವಲನ್ನು ಬೇಸಿನ್ನಿಗೆ ಎಸೆದು, ಅರ್ಧ ಬೋಳಿಸಿದ ಮುಖದಲ್ಲೇ ಬಾಗಿಲ ಕಡೆ ನಡೆದ.

“ನಾನು ಹೋಗ್ತಿದ್ದೀನಿ.”

“ಎಲ್ಲಿಗೆ?”

“ಎಲ್ಲಿಗೋ.”

ಎಲ್ಲಿಗೆ ಎಂದು ಇಬ್ಬರಿಗೂ ಗೊತ್ತಿತ್ತು.

ಅವನ ಮುನಿಸಿಗೆ ಒಂದು ಜಾಗವಿತ್ತು, ಒಂದು ಕ್ರಮವಿತ್ತು. ಅವನು ಹುಟ್ಟಿ ಬೆಳೆದ ಮನೆಯಲ್ಲೂ ಒಂದು ಮೆಟ್ಟಿಲಿತ್ತು. ಯಾರಾದರೂ ಗದರಿಸಿದರೆ ಮಗು ಹೋಗಿ ಆ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿತ್ತು. ಅಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಬಂದು, ಒಂದು ಮೆಟ್ಟಿಲು ಕೆಳಗೆ ಕೂತು, “ಏನಾಯ್ತು ನನ್ನ ರಾಜಂಗೆ?” ಎಂದು ಕೇಳಿ, ತಾನೇ ಕಟ್ಟಿದ ಎರಡು ಸಾಲನ್ನು ರಾಗವಾಗಿ ಹೇಳುತ್ತಿದ್ದಳು:

ಯಾರು ಬೈದರು ನನ್ನ ಹೂವ, ಯಾರು ಮುನಿದರು?
ಬೈದ ಬಾಯಿಗೆ ಬೀಗ ಜಡಿದು ಕೀಲಿ ಎಸೆವೆನು.

“ಎಲ್ಲಿಗೆ ಎಸೀತೀಯ?” ಎಂದು ಮಗು ಮೂಗೆಳೆಯುತ್ತ ಕೇಳಬೇಕು. “ಬಾವಿಗೆ,” ಎಂದು ಅಮ್ಮ ಹೇಳಬೇಕು. ಆಗ ಮಗು ಏಳುತ್ತಿತ್ತು. ಬೇರೆ ಯಾವ ಮಾತಿಗೂ, ಯಾವ ತಿಂಡಿಗೂ ಏಳುತ್ತಿರಲಿಲ್ಲ.

ಮಗುವಿಗೆ ಮೀಸೆ ಬಂತು, ಕೆಲಸ ಸಿಕ್ಕಿತು, ಮದುವೆಯೂ ಆಯಿತು. ಹೊಸ ಸೊಸೆಯನ್ನು ಅಮ್ಮ ಮೊದಲು ಒಳಕೋಣೆಗೆ ಕರೆದು ಬಾಗಿಲು ಮುಚ್ಚಿದಾಗ, ಸೊಸೆ ಒಡವೆ ಕೊಡುತ್ತಾರೇನೋ ಎಂದುಕೊಂಡಿದ್ದಳು. ಅಮ್ಮ ಕೊಟ್ಟದ್ದು ಆ ಎರಡು ಸಾಲು. ರಾಗ ತಪ್ಪದಂತೆ ಬಾಯಿಪಾಠ ಮಾಡಿಸಿ, “ಇದು ನಿಂಗೆ ಬೇಕಾಗುತ್ತಮ್ಮ,” ಎಂದಿದ್ದಳು. ಯಾಕೆ ಬೇಕಾಗುತ್ತದೆಂದು ಸೊಸೆಗೆ ಆಗ ತಿಳಿಯಲಿಲ್ಲ. ಮದುವೆಯ ಹೂವು ಬಾಡುವುದರೊಳಗೆ ತಿಳಿಯಿತು.

ಅಂದಿನಿಂದ ನಲ್ಲಿಯಣ್ಣ ಮೆಟ್ಟಿಲಿಗೆ ಹೋಗುವುದು, ಅವಳು ಬಂದು ಸಾಲು ಹೇಳುವುದು, ಅವನು “ಎಲ್ಲಿಗೆ ಎಸೀತೀಯ?” ಎನ್ನುವುದು, ಎಲ್ಲ ಗಡಿಯಾರದಂತೆ ನಡೆದುಕೊಂಡು ಬಂದಿತ್ತು. ಆದರೆ ಹೋದ ವಾರ ಅವಳು ಆ ಸಾಲುಗಳನ್ನು ಕಂಡಕ್ಟರು ನಿಲ್ದಾಣದ ಹೆಸರು ಕೂಗುವಂತೆ ಕೂಗಿ ಮುಗಿಸಿದ್ದಳು. “ರಾಗ ಎಲ್ಲಿ?” ಎಂದು ಅವನು ಕೇಳಿದ್ದ. ಅವಳು ಸೊಂಟಕ್ಕೆ ಕೈ ಕೊಟ್ಟು, “ಇದೇ ಕೊನೆ. ಇನ್ನೊಂದ್ಸಲ ಇಲ್ಲಿ ಬಂದು ಕೂತ್ರೆ ನಾನು ಬರಲ್ಲ. ನೋಡ್ತಾ ಇರಿ,” ಎಂದಿದ್ದಳು.

ಆದ್ದರಿಂದ ಇಂದಿನದು ಬರೀ ಮುನಿಸಲ್ಲ, ಪರೀಕ್ಷೆ. ಇವತ್ತು ಅವಳು ಬಂದರೆ ಮುಂದೆಯೂ ಬರುತ್ತಾಳೆ. ಬಾರದಿದ್ದರೆ? ಬಾರದಿದ್ದರೆ ಜನ್ಮವಿಡೀ ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳಬೇಕು. ಎಳೆದರೆ ತಾನೇ ಬೀಗ ಬೀಳುವ ಬಾಗಿಲನ್ನು ದಡಾರನೆ ಎಳೆದುಕೊಂಡ. ಕೀಲಿ ಒಳಗಿತ್ತು, ಫೋನೂ ಒಳಗಿತ್ತು. ಪರವಾಗಿಲ್ಲ, ಹೆಂಡತಿಯೂ ಒಳಗಿದ್ದಾಳಲ್ಲ.

ಅವರ ಮನೆ ಕಟ್ಟಡದ ಕೊನೆಯ ಮಹಡಿಯಲ್ಲಿತ್ತು. ಅದರ ಮೇಲೆ ಬರೀ ತಾರಸಿ. ಅರ್ಧ ಮಹಡಿ ಕೆಳಗಿಳಿದರೆ ಮೆಟ್ಟಿಲ ತಿರುವು. ನಲ್ಲಿಯಣ್ಣ ಅಲ್ಲಿ ಗೋಡೆಗೆ ಮುಖ ಮಾಡಿ ಕೂತು, ಮೊಣಕಾಲನ್ನು ತಬ್ಬಿಕೊಂಡು, ಮನಸ್ಸಿನಲ್ಲೇ ಪ್ರತಿಜ್ಞೆ ಮಾಡಿದ. ಅವಳು ಬಂದು ‘ಏನಾಯ್ತು?’ ಎಂದು ಕೇಳುವ ತನಕ ಏಳುವುದಿಲ್ಲ. ತಿನ್ನುವುದಿಲ್ಲ. ಹಿಂತಿರುಗಿ ನೋಡುವುದಂತೂ ಇಲ್ಲವೇ ಇಲ್ಲ. ಹಿಂತಿರುಗಿ ನೋಡಿದರೆ ಅದು ಮುನಿಸಲ್ಲ, ಬರೀ ಕೂರುವುದು.

ಸ್ವಲ್ಪ ಹೊತ್ತಿಗೆ ಮೇಲೆ ಬಾಗಿಲು ತೆರೆದ ಸದ್ದಾಯಿತು. ನಲ್ಲಿಯಣ್ಣನ ಬೆನ್ನು ನೆಟ್ಟಗಾಯಿತು. ‘ಬಂದಳು!’ ಕೆಳದುಟಿಯನ್ನು ಸರಿಯಾದ ಜಾಗಕ್ಕೆ ತಂದುಕೊಂಡ. ಬಾಗಿಲು ಮುಚ್ಚಿತು. ಬೀಗ ಟಕ್ಕೆಂದಿತು. ಆಮೇಲೆ ಏನೂ ಇಲ್ಲ.

‘ಇಣುಕಿ ನೋಡಿ ಒಳಗೆ ಹೋದಳು! ಎಂಥ ಕಲ್ಲೆದೆ!’ ಎಂದುಕೊಂಡ. ಪ್ರತಿಜ್ಞೆಯ ಬುಡಕ್ಕೆ ಇನ್ನೊಂದು ಸುತ್ತು ಸಿಮೆಂಟು ಬಿತ್ತು.

ಎದುರು ಮನೆಯ ನರ್ಸಮ್ಮ ರಾತ್ರಿ ಪಾಳಿ ಮುಗಿಸಿ, ಕಣ್ಣು ಅರ್ಧ ಮುಚ್ಚಿಕೊಂಡೇ ಮೆಟ್ಟಿಲು ಹತ್ತಿ ಬಂದಳು. ಅವನನ್ನು ದಾಟಿ, ಒಣಗಿದ ಬಟ್ಟೆ ತರಲು ನೇರವಾಗಿ ತಾರಸಿಗೆ ಹೋದಳು. ಇಳಿದು ಬಂದವಳು ತನ್ನ ಬಾಗಿಲ ಮುಂದೆ ನಿಂತು, ಕಂಬಿಯ ಮೇಲಿಂದ ಕೆಳಗೆ ಬಗ್ಗಿ ಕೇಳಿದಳು:

“ಅಣ್ಣಾ, ನೀವೂನಾ?”

ನಿದ್ದೆಗೆಟ್ಟವರ ಪ್ರಶ್ನೆಗೆ ತಲೆಬುಡ ಇರುವುದಿಲ್ಲ. “ಹೂಂ,” ಎಂದ ನಲ್ಲಿಯಣ್ಣ.

“ಸರಿ ಬಿಡಿ. ನಾನು ಮಲಗ್ತೀನಿ. ಬೆಲ್ ಹೊಡೀಬೇಡಿ, ಕಿವಿಗೆ ಹತ್ತಿ ಇಟ್ಕೋತೀನಿ,” ಎಂದು ಅವಳು ಒಳಗೆ ಹೋದಳು. ಕಟ್ಟಡದಲ್ಲಿ ಇನ್ನೊಬ್ಬರ ವಿಷಯಕ್ಕೆ ಮೂಗು ತೂರಿಸದವಳು ಅವಳೊಬ್ಬಳೇ. ಅವಳ ಪಾಲಿನದನ್ನೂ ಮೊದಲ ಮಹಡಿಯ ದೊಡ್ಡಮ್ಮ ಮಾಡುತ್ತಿದ್ದಳು.

ಕೆಳಗೆ ಪಂಪು ಗುಂಯ್‌ಗುಡತೊಡಗಿತು. ವಾಚ್‌ಮನ್ ಕೊನೆಗೂ ಎದ್ದಿದ್ದ.

ಇನ್ನೂ ಸ್ವಲ್ಪ ಹೊತ್ತು ಕಳೆಯಿತು. ಮೇಲಿನಿಂದ ನೀರಿನ ಸದ್ದು ತೇಲಿ ಬಂತು. ನಲ್ಲಿಯಣ್ಣ ಕಣ್ಣು ಮುಚ್ಚಿ ಆಲಿಸಿದ. ಬೇಸಿನ್ ನಲ್ಲಿ. ಪೂರ್ತಿ ತೆರೆದಿದೆ. ವಾಷರ್ ಸವೆದಿದೆ.

‘ಓಹೋ! ನಂಗೆ ಕೇಳಿಸ್ಲಿ ಅಂತ ಬಿಟ್ಟಿದ್ದಾಳೆ. ನಲ್ಲಿ ಮಾರೋನಿಗೆ ನಲ್ಲಿಯಿಂದಲೇ ಏಟು!’ ಎಂದುಕೊಂಡು ಅವನು ಹಲ್ಲು ಕಚ್ಚಿದ. ‘ಬಿಡ್ಲಿ. ಎಷ್ಟು ಹೊತ್ತು ಬಿಡ್ತಾಳೋ ಬಿಡ್ಲಿ.’

ಅಷ್ಟರಲ್ಲಿ ದೊಡ್ಡಮ್ಮ ಒಂದು ಕೈಯಲ್ಲಿ ಅನ್ನದ ತಟ್ಟೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದಳು. ಸುದ್ದಿ ಅವಳನ್ನು ಹೇಗೆ ತಲುಪುತ್ತಿತ್ತೋ ದೇವರೇ ಬಲ್ಲ.

“ಏನಪ್ಪಾ, ಮತ್ತೆ ಶುರುನಾ?”

ನಲ್ಲಿಯಣ್ಣ ಗೋಡೆಯನ್ನೇ ನೋಡಿದ.

“ಅರ್ಧ ಗಡ್ಡ ಹಾಗೇ ಇದೆಯಲ್ಲೋ! ಉಳುಮೆ ನಿಲ್ಸಿದ ಹೊಲದ ಹಾಗೆ. ತಗೋ, ಮೊದ್ಲು ತಿನ್ನು.”

“ಬೇಡ ದೊಡ್ಡಮ್ಮ.”

“ಹೊಟ್ಟೆ ಕೂಗ್ತಿದೆ.”

“ಕೂಗ್ಲಿ.”

“ನಮ್ಮನೆಯವರೂ ಹೀಗೇ ಇದ್ರು ಕಣೋ. ಮುನಿಸ್ಕೊಂಡು ಗೋಡೆ ಕಡೆ ತಿರುಗಿ ಮಲಗೋರು. ನಾನು ನಿದ್ದೆ ಬಂತೇನೋ ಅಂತ ದೀಪ ಆರಿಸ್ತಿದ್ದೆ. ಹೀಗೇ ಎಷ್ಟೋ ವರ್ಷ ಅವರಿಗೆ ಕೋಪ ಬರುತ್ತೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಎಂಥ ತಣ್ಣನೆ ಸ್ವಭಾವ ಅಂತ ಎಲ್ರಿಗೂ ಹೇಳ್ಕೊಂಡು ಓಡಾಡ್ತಿದ್ದೆ.”

ತಣ್ಣನೆಯ ಸ್ವಭಾವದ ಆ ಪುಣ್ಯಾತ್ಮನಿಗಾಗಿ ನಲ್ಲಿಯಣ್ಣನ ಕಣ್ಣು ಒದ್ದೆಯಾಯಿತು. ತಟ್ಟೆಯಿಂದ ಬಂದ ಬಿಸಿ ಅನ್ನದ ಪರಿಮಳಕ್ಕೆ ಬಾಯಿಯೂ ಒದ್ದೆಯಾಯಿತು. ಆದರೆ ಅವನು ಬಾಯಿ ಬಿಡಲಿಲ್ಲ. ದೊಡ್ಡಮ್ಮ ತಟ್ಟೆಯನ್ನು ಅವನ ಪಕ್ಕದಲ್ಲಿಟ್ಟು, ತಾನೂ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಇಂಥ ತಮಾಷೆಯನ್ನು ಬಿಟ್ಟು ಹೋಗುವಷ್ಟು ಕೆಲಸ ಅವಳಿಗೆ ಮನೆಯಲ್ಲಿರಲಿಲ್ಲ.

“ರೀ ನಲ್ಲಿಯಣ್ಣ!”

ಕೆಳಗಿನ ಮಹಡಿಯ ಮಾಸ್ತರರು ಬಂದರು. ನಲ್ಲಿಯಣ್ಣನ ಮನೆಯ ಸರಿಯಾಗಿ ಕೆಳಗಿನ ಮನೆ ಅವರದು. ನಿವೃತ್ತರಾಗಿ ಎಷ್ಟು ಕಾಲವಾಗಿದ್ದರೂ ಅವರ ದನಿ ಮಾತ್ರ ಇನ್ನೂ ಕೊನೆಯ ಬೆಂಚಿನ ತನಕ ಹೋಗುತ್ತಿತ್ತು. ಬೋಳುತಲೆಯ ಮೇಲೆ ನೀರಿನ ಹನಿಗಳು ಮುತ್ತಿನಂತೆ ಕೂತಿದ್ದವು.

“ನನ್ನ ಸೂರಿಂದ ನೀರು ತೊಟ್ಟಿಕ್ತಿದೆ! ಪೇಪರ್ ಓದ್ತಾ ಕೂತಿದ್ದೆ, ತಲೆ ಮೇಲೆ ಟಪ್ ಅಂತ. ಕುರ್ಚಿ ಜರುಗಿಸ್ದೆ, ಅಲ್ಲೂ ಟಪ್. ಹೇಳಿ ಮಾಡಿಸಿದ ಹಾಗೆ ನನ್ನ ತಲೆಯನ್ನೇ ಹುಡುಕ್ಕೊಂಡು ಬರ್ತಿದೆ. ಎದ್ದೇಳಿ!”

ಆ ದನಿಗೆ ನಲ್ಲಿಯಣ್ಣ ಹಳೆಯ ಶಾಲೆಯ ಅಭ್ಯಾಸದಿಂದ ಅರ್ಧ ಎದ್ದೇಬಿಟ್ಟ. ಪ್ರತಿಜ್ಞೆ ನೆನಪಾಗಿ ಮತ್ತೆ ಕೂತ.

“ನಾನು ಏಳೋ ಹಾಗಿಲ್ಲ ಸಾರ್.”

“ಯಾಕೆ, ಕಾಲು ಉಳುಕಿದೆಯಾ?”

“ಮುನಿಸು,” ಎಂದಳು ದೊಡ್ಡಮ್ಮ.

“ಮುನಿಸು ಕಾಲಿಗಾ?”

“ಅವನ ಹೆಂಡ್ತಿ ಬಂದು ಸಮಾಧಾನ ಮಾಡ್ಬೇಕಂತೆ. ಅಲ್ಲೀವರೆಗೂ ಏಳಲ್ಲ.”

ಮಾಸ್ತರರು ತಲೆಯ ಮೇಲಿನ ಹನಿಗಳನ್ನು ಕರವಸ್ತ್ರದಿಂದ ಒತ್ತಿಕೊಂಡರು. “ಸರಿ, ನಾನೇ ಹೋಗಿ ಆಕೇನ ಕರೀತೀನಿ.”

“ಕರೀಬೇಡಿ ಸಾರ್!” ನಲ್ಲಿಯಣ್ಣ ಗೋಡೆಗೇ ಹೇಳಿದ. “ಕರೆದ್ರೆ, ಕರೆದಿದ್ದಕ್ಕೆ ಬಂದ ಹಾಗಾಗುತ್ತೆ. ಅವಳಾಗೇ ಬರ್ಬೇಕು. ನಲ್ಲಿ ಬಗ್ಗೆ ಬೇಕಾದ್ರೆ ಹೇಳಿ. ನನ್ನ ಮಾತೆತ್ತಬೇಡಿ. ಆದ್ರೆ ಅವನು ಇನ್ನೂ ಏನೂ ತಿಂದಿಲ್ಲ ಅಂತ ಬೇಕಾದ್ರೆ, ಹಾಗೇ ಮಾತಿನ ಮಧ್ಯೆ...”

ಮಾಸ್ತರರು ಮೇಲೆ ಹೋದರು. ಬೆಲ್ ಬಾರಿಸಿದರು. ಮತ್ತೆ ಬಾರಿಸಿದರು. ಬಾಗಿಲು ಬಡಿದ ಸದ್ದಾಯಿತು. ಅವರು ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು ಇಳಿದು ಬಂದರು.

“ತೆಗೀತಿಲ್ಲ ಕಣ್ರೀ. ಬಾಗಿಲ ಕೆಳಗಿಂದ ನೀರು ಬರ್ತಿದೆ.”

ಅವರ ಹಿಂದೆಯೇ ನೀರೂ ಬಂತು. ಮೊದಲು ತೆಳ್ಳಗೆ, ದಾರಿ ಕೇಳುತ್ತ ಬರುವ ಹೊಸಬನಂತೆ ಒಂದೊಂದೇ ಮೆಟ್ಟಿಲನ್ನು ಮುಟ್ಟಿ ನೋಡುತ್ತ ಬಂತು. ಆಮೇಲೆ ದಾರಿ ಗೊತ್ತಾದವನಂತೆ ಸರಸರನೆ ಇಳಿಯಿತು. ನಲ್ಲಿಯಣ್ಣನ ಪ್ಯಾಂಟಿನ ಹಿಂಭಾಗ ತಣ್ಣಗಾಯಿತು.

ಅವನ ಮನಸ್ಸು ಬೇರೆಯೇ ಲೆಕ್ಕ ಹಾಕುತ್ತಿತ್ತು. ಬಾಗಿಲು ತೆಗೆಯುತ್ತಿಲ್ಲ ಎಂದರೆ ಅತ್ತು ಮುಖ ಊದಿಸಿಕೊಂಡಿದ್ದಾಳೆ, ಹೊರಗಿನವರಿಗೆ ತೋರಿಸಲು ನಾಚಿಕೆ. ನೀರು ಬರುತ್ತಿದೆ ಎಂದರೆ ಮನೆ ತೊಳೆಯುತ್ತಿದ್ದಾಳೆ. ದುಃಖ ಬಂದಾಗ ಹೆಂಗಸರು ನೆಲ ತೊಳೆಯುತ್ತಾರೆ, ಅಮ್ಮನೂ ತೊಳೆಯುತ್ತಿದ್ದಳು. ಇಷ್ಟು ನೀರು ಹರಿಯುತ್ತಿದೆ ಎಂದರೆ ಪಶ್ಚಾತ್ತಾಪ ಎಷ್ಟು ದೊಡ್ಡದಿರಬೇಕು! ಪ್ಯಾಂಟು ತೊಪ್ಪೆಯಾದಷ್ಟೂ ಅವನ ಎದೆ ಬೆಚ್ಚಗಾಯಿತು.

“ಕರಗ್ತಿದ್ದಾಳೆ,” ಎಂದು ದೊಡ್ಡಮ್ಮನಿಗೆ ಪಿಸುಗುಟ್ಟಿದ. “ಇನ್ನು ಸ್ವಲ್ಪ ಹೊತ್ತು.”

“ಅವಳು ಕರಗ್ತಾಳೋ ಇಲ್ವೋ, ಈ ಕಟ್ಟಡ ಕರಗುತ್ತೆ. ಆ ಕಡೆ ಸರಿ, ತಟ್ಟೆ ತೇಲ್ತಿದೆ.”

ತಟ್ಟೆ ನಿಜವಾಗಿಯೂ ಒಂದು ಮೆಟ್ಟಿಲು ಇಳಿದು ಹೊರಟಿತ್ತು. ದೊಡ್ಡಮ್ಮ ಅದನ್ನು ಹಿಡಿದುಕೊಂಡಳು. ಆಗಲೇ ವಾಚ್‌ಮನ್ ಕೆಳಗಿನಿಂದ ಓಡಿ ಬಂದ.

“ಸಾರ್, ಬೆಳಗ್ಗೆಯಿಂದ ಪಂಪ್ ಓಡ್ತಾನೇ ಇದೆ. ಟ್ಯಾಂಕ್ ತುಂಬ್ತಾನೇ ಇಲ್ಲ. ಯಾರ್ದೋ ಮನೇಲಿ ನಲ್ಲಿ ಬಿಟ್ಟಿದ್ದಾರೆ... ಅಯ್ಯೋ, ಏನ್ಸಾರ್ ಇದು, ನೀರಲ್ಲಿ ಕೂತಿದ್ದೀರಾ?”

“ಹೆಂಡ್ತಿಗೆ ಕಾಯ್ತಿದ್ದಾರೆ,” ಎಂದರು ಮಾಸ್ತರರು, ದೋಣಿಗೆ ಕಾಯುವವನ ಬಗ್ಗೆ ಹೇಳುವಂತೆ.

ದೊಡ್ಡಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. “ನಾನೇ ಫೋನ್ ಮಾಡ್ತೀನಿ,” ಎಂದು ನಂಬರು ಒತ್ತಿದಳು. ಎಲ್ಲರೂ ಕಿವಿ ನಿಮಿರಿಸಿದರು. ಮುಚ್ಚಿದ ಬಾಗಿಲ ಹಿಂದೆ ನಲ್ಲಿಯಣ್ಣನ ಹೆಂಡತಿಯ ಫೋನು ರಿಂಗಣಿಸತೊಡಗಿತು. ರಿಂಗಣಿಸಿ ರಿಂಗಣಿಸಿ ನಿಂತಿತು. ಮತ್ತೆ ಒತ್ತಿದಳು. ಮತ್ತೆ ರಿಂಗಣಿಸಿ ನಿಂತಿತು. ಉಳಿದದ್ದು ನೀರಿನ ಸದ್ದೊಂದೇ.

ದೊಡ್ಡಮ್ಮನ ಮುಖದ ತಮಾಷೆ ಇಳಿದುಹೋಯಿತು.

“ಬೆಲ್‌ಗೂ ಬರ್ಲಿಲ್ಲ. ಫೋನೂ ಎತ್ತಲಿಲ್ಲ,” ಎಂದಳು ಮೆಲ್ಲಗೆ. “ನೀರು ನೋಡಿದ್ರೆ ಹೀಗೆ ಹರೀತಿದೆ. ಒಳಗೆ ಜಾರಿ ಗೀರಿ ಬಿದ್ದಿಲ್ಲ ತಾನೇ?”



ನಲ್ಲಿಯಣ್ಣನ ಕೆಳದುಟಿ ಸರಕ್ಕನೆ ಒಳಗೆ ಹೋಯಿತು. ಅದು ಚಾಚಿಕೊಂಡಿದ್ದ ಜಾಗದಲ್ಲಿ ಈಗ ಇದ್ದದ್ದು ನಲವತ್ತು ದಾಟಿದ ಒಬ್ಬ ಗಂಡಸಿನ ಬಿಳಿಚಿದ ಮುಖ. ಆ ನಲ್ಲಿಯ ಸದ್ದನ್ನು ಅವನು ಎಷ್ಟು ಹೊತ್ತಿನಿಂದ ಕೇಳುತ್ತಿದ್ದ! ಪೂರ್ತಿ ತೆರೆದದ್ದು, ಒಮ್ಮೆಯೂ ನಿಲ್ಲದ್ದು. ನೆಲ ತೊಳೆಯುವವರು ನಡುನಡುವೆ ನಲ್ಲಿ ನಿಲ್ಲಿಸುತ್ತಾರೆ. ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಜೋಗುಳದಂತೆ ಕೇಳುತ್ತ ಕೂತಿದ್ದ.

ಅವನು ಎದ್ದ. ಪ್ರತಿಜ್ಞೆ ಎಲ್ಲಿ ಬಿತ್ತೋ ನೋಡಲೂ ಇಲ್ಲ. ನೀರು ಇಳಿಯುತ್ತಿದ್ದ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ, ಬಾಗಿಲನ್ನು ಎರಡೂ ಕೈಯಿಂದ ಬಡಿದ.

“ಏನಾಯ್ತು? ಏನಾಯ್ತು ನಿಂಗೆ? ಮಾತಾಡು! ನಾನು ಕಣೇ, ಏನಾಯ್ತು ಹೇಳು!”

ಬೆಳಗ್ಗೆಯಿಂದ ಯಾವ ಮಾತಿಗಾಗಿ ಕಾದಿದ್ದನೋ ಆ ಮಾತು ತನ್ನ ಬಾಯಿಂದಲೇ ಹೊರಬಿದ್ದದ್ದು ಅವನಿಗೆ ತಿಳಿಯಲಿಲ್ಲ. ಒಳಗಿನಿಂದ ಉತ್ತರ ಬರಲಿಲ್ಲ.

“ವಾಚ್‌ಮನ್, ಭುಜ ಕೊಡು!”

ಇಬ್ಬರೂ ಸೇರಿ ಬಾಗಿಲಿಗೆ ಗುದ್ದಿದರು. ಮಾಸ್ತರರು ಹಿಂದಿನಿಂದ “ಒಂದು, ಎರಡು, ಮೂರು” ಎಂದು ಕವಾಯತು ಮಾಡಿಸಿದರು. ಕೊನೆಗೆ ಬೀಗ ಕಿತ್ತು ಬಂತು. ಬಾಗಿಲು ತೆರೆದ ರಭಸಕ್ಕೆ ನಲ್ಲಿಯಣ್ಣ ಒಳಗೆ ನುಗ್ಗಿ, ಕಾಲು ಜಾರಿ, ಕೂತ ಭಂಗಿಯಲ್ಲೇ ಊಟದ ಕೋಣೆಯ ಆ ತುದಿಯವರೆಗೂ ತೇಲಿ ಹೋಗಿ ಬೇಸಿನ್ನಿನ ಕೆಳಗೆ ನಿಂತ. ಬೇಸಿನ್ನಿನಿಂದ ನೀರು ನೇರವಾಗಿ ಅವನ ನೆತ್ತಿಯ ಮೇಲೆ ಬೀಳುತ್ತಿತ್ತು. ಅದನ್ನು ಲೆಕ್ಕಿಸದೆ ಎದ್ದು ಅಡುಗೆಮನೆ ನೋಡಿದ, ಬಚ್ಚಲುಮನೆ ನೋಡಿದ, ಮಲಗುವ ಕೋಣೆ ನೋಡಿದ. ಮಂಚದ ಕೆಳಗೂ ನೋಡಿದ. ಅಲ್ಲಿ ಅವನ ಚಪ್ಪಲಿಗಳು ಮಾತ್ರ ಈಜುತ್ತಿದ್ದವು.

“ಇಲ್ಲ ದೊಡ್ಡಮ್ಮ! ಅವಳಿಲ್ಲ! ಏನಾಯ್ತೋ ಅವಳಿಗೆ!”

“ಯಾರಿಗೆ ಏನಾಯ್ತು?”

ದನಿ ಬಂದದ್ದು ಬಾಗಿಲ ಹೊರಗಿನಿಂದ, ಮೇಲಿನ ಮೆಟ್ಟಿಲಿನಿಂದ. ಎಲ್ಲರೂ ತಿರುಗಿದರು. ತಾರಸಿಯ ಮೆಟ್ಟಿಲ ಮೇಲೆ, ಬರಿಗಾಲಿನಲ್ಲಿ, ಮುಖ ಊದಿಸಿಕೊಂಡು ನಲ್ಲಿಯಣ್ಣನ ಹೆಂಡತಿ ನಿಂತಿದ್ದಳು. ಅವಳ ಕೆಳದುಟಿಯೂ ಚಾಚಿಕೊಂಡಿತ್ತು. ರೂಢಿಯಿಲ್ಲದ ತುಟಿಯಾದ್ದರಿಂದ ಸ್ವಲ್ಪ ಓರೆಯಾಗಿತ್ತು.

“ನೀನು... ಅಲ್ಲಿ...?”

“ಬೆಳಗ್ಗೆಯಿಂದ,” ಎಂದಳು ಅವಳು. “ನೀವು ಕೆಳಗೆ ಹೋಗಿ ಕೂತ್ರಿ. ನಾನು ಯಾಕೆ ಕೂರಬಾರದು ಅನ್ನಿಸ್ತು. ಬಾಗಿಲು ಎಳ್ಕೊಂಡು ಮೇಲೆ ಹೋಗಿ ತಾರಸಿ ಬಾಗಿಲ ಹತ್ರ ಕೂತೆ. ಒಂದು ಸಲನಾದ್ರೂ ನೀವೇ ಹುಡುಕ್ಕೊಂಡು ಬಂದು ಏನಾಯ್ತು ಅಂತ ಕೇಳ್ಲಿ, ಆಮೇಲೆ ಏಳೋಣ ಅಂತ. ಕೆಳಗೆ ಬೆಲ್ಲು, ಗಲಾಟೆ ಎಲ್ಲ ಕೇಳಿಸ್ತು. ರಾಜಿ ಮಾಡಿಸೋಕೆ ಬಿಲ್ಡಿಂಗ್‌ನೋರನ್ನೆಲ್ಲ ಕರ್ಕೊಂಡು ಬಂದಿದ್ದೀರಿ ಅಂದ್ಕೊಂಡೆ. ನೀವು ಮೊದ್ಲು ಕೂಗಿದ್ದೂ ನಾಟಕ ಅಂದ್ಕೊಂಡೆ, ಮತ್ತೆ ಕೂಗಿದ್ಮೇಲೆ ಎದ್ದು ಬಂದೆ.”

ಎದುರು ಮನೆಯ ಬಾಗಿಲು ತೆರೆಯಿತು. ನರ್ಸಮ್ಮ ಕಿವಿಯಿಂದ ಹತ್ತಿ ತೆಗೆಯುತ್ತ ಹೊರಗೆ ಬಂದು ಎಲ್ಲರನ್ನೂ, ನೀರನ್ನೂ, ಮುರಿದ ಬಾಗಿಲನ್ನೂ ನೋಡಿದಳು.

“ನಾನು ಬೆಳಗ್ಗೇನೇ ನೋಡಿದ್ದೆ. ಗಂಡ ಕೆಳಗಿನ ಮೆಟ್ಟಿಲಲ್ಲಿ, ಹೆಂಡ್ತಿ ಮೇಲಿನ ಮೆಟ್ಟಿಲಲ್ಲಿ. ಇಬ್ರೂ ಮೊದ್ಲೇ ಮಾತಾಡ್ಕೊಂಡು ಹೀಗೆ ಕೂತಿದ್ದೀರಿ ಅಂದ್ಕೊಂಡೆ. ಅದಕ್ಕೇ ಅಲ್ವಾ ಅಣ್ಣಾ ಕೇಳಿದ್ದು, ನೀವೂನಾ ಅಂತ? ನೀವು ಹೂಂ ಅಂದ್ರಿ.”

ನಲ್ಲಿಯಣ್ಣನಿಗೆ ಒಂದು ಆಸರೆ ಹೊಳೆಯಿತು.

“ಅದೆಲ್ಲ ಸರಿ. ಹೋಗೋವಾಗ ನಲ್ಲಿ ನಿಲ್ಸಿ ಹೋಗಬಾರ್ದಾ? ಮಾಸ್ತರ ಸೂರು ಹಾಳಾಯ್ತು. ಬಾಗಿಲು ಹೋಯ್ತು. ಯಾರು ಹೊಣೆ?”

“ನಾನು ನಲ್ಲಿ ಮುಟ್ಟೇ ಇಲ್ಲ.”

“ಮತ್ತೆ ಅದಾಗಿ ಅದೇ ತೆರ್ಕೊಳ್ತಾ?”

ಒಳಗೆ ನಲ್ಲಿ ನಿಲ್ಲಿಸಿದ್ದ ವಾಚ್‌ಮನ್, ಬೇಸಿನ್ನಿನ ತೂತಿನಲ್ಲಿ ಸಿಕ್ಕಿಕೊಂಡಿದ್ದುದನ್ನು ಎಳೆದು ತೆಗೆದು ಎತ್ತಿ ಹಿಡಿದ. ಒಂದು ಟವಲು. ಅದರ ಮಡಿಕೆಯಲ್ಲಿ ಇನ್ನೂ ಸ್ವಲ್ಪ ಸೋಪಿನ ನೊರೆ, ನೊರೆಯಲ್ಲಿ ಕಪ್ಪು ಬಿಳಿ ಗಡ್ಡದ ಚೂರುಗಳು.

“ಸಾರ್, ಇದು ಯಾರ್ದು?”

ಎಲ್ಲರೂ ಟವಲನ್ನು ನೋಡಿದರು. ಆಮೇಲೆ ಎಲ್ಲರೂ ನಲ್ಲಿಯಣ್ಣನ ಮುಖ ನೋಡಿದರು. ಒಂದು ಕೆನ್ನೆ ನುಣ್ಣಗಿತ್ತು. ಇನ್ನೊಂದು ಕೆನ್ನೆ ಸಾಕ್ಷಿ ಹೇಳುತ್ತಿತ್ತು. ಬಲಕ್ಕೆ, ಎಡಕ್ಕೆ, ಮತ್ತೂ ಎಡಕ್ಕೆ: ತನ್ನ ಕೈ ತಿರುಗಿದ್ದು ಅವನಿಗೆ ಈಗ ನೆನಪಾಯಿತು.

“ಖಾಲಿ ಟ್ಯಾಂಕಿಗೆ ನಲ್ಲಿ ಪೂರ್ತಿ ತೆರೆದು ಬಂದಿದ್ದೀರಿ,” ಎಂದರು ಮಾಸ್ತರರು, ಸೊನ್ನೆ ಅಂಕ ಕೊಡುವ ದನಿಯಲ್ಲಿ. “ನಲ್ಲಿ ಅಂಗಡಿಯೋರು!”

ನಲ್ಲಿಯಣ್ಣನಿಗೆ ಅಭ್ಯಾಸದಂತೆ ಕೂಡಲೇ ನೋವಾಯಿತು. ಕೆಳದುಟಿ ಹೊರಡಲು ಸಿದ್ಧವಾಯಿತು. ಕಾಲು ತಾನಾಗಿಯೇ ಮೆಟ್ಟಿಲ ತಿರುವಿನ ಕಡೆ ತಿರುಗಿತು. ಆದರೆ ತಲೆಯೆತ್ತಿದಾಗ ಹೆಂಡತಿ ಇನ್ನೂ ಅಲ್ಲೇ, ಮೇಲಿನ ಮೆಟ್ಟಿಲ ಮೇಲೆ ಮತ್ತೆ ಕೂತುಬಿಟ್ಟಿದ್ದಳು. ಮೊಣಕಾಲು ತಬ್ಬಿಕೊಂಡು, ಗೋಡೆಗೆ ಮುಖ ಮಾಡಿ. ಆ ಭಂಗಿ ಅವನದೇ. ಹೊರಗಿನಿಂದ ನೋಡಿದರೆ ಅದು ಹೀಗೆ ಕಾಣುತ್ತದೆಂದು, ಇಷ್ಟು ಸಣ್ಣದಾಗಿ, ಇಷ್ಟು ಒಂಟಿಯಾಗಿ ಕಾಣುತ್ತದೆಂದು, ಅವನಿಗೆ ಗೊತ್ತೇ ಇರಲಿಲ್ಲ.

“ಏಳು,” ಎಂದ.

“ಏಳಲ್ಲ. ಹೇಳಿ.”

“ಏನು ಹೇಳ್ಲಿ?”

“ನಿಮಗೇ ಗೊತ್ತು.”

ನಲ್ಲಿಯಣ್ಣ ಸುತ್ತ ನೋಡಿದ. ದೊಡ್ಡಮ್ಮ ತಟ್ಟೆ ಹಿಡಿದು ನಿಂತಿದ್ದಳು. ಮಾಸ್ತರರು ಕರವಸ್ತ್ರ ಹಿಂಡುತ್ತಿದ್ದರು. ನರ್ಸಮ್ಮ ಎರಡನೆಯ ಕಿವಿಯ ಹತ್ತಿಯನ್ನೂ ತೆಗೆದಳು. ವಾಚ್‌ಮನ್ ಟವಲನ್ನು ಧ್ವಜದಂತೆ ಹಿಡಿದೇ ಇದ್ದ.

“ಇವರೆಲ್ಲರ ಮುಂದೆನಾ?”

“ನಾನು ದಿನಾ ಹೇಳೋವಾಗ ಯಾರ ಮುಂದೆ ಹೇಳ್ತಿದ್ದೆ? ಮೆಟ್ಟಿಲು ನಮ್ಮಪ್ಪನ ಮನೇದಾ?”

ನಲ್ಲಿಯಣ್ಣ ಪ್ಯಾಂಟು ಹಿಂಡಿಕೊಂಡು ಮೇಲೆ ಹತ್ತಿದ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ಗಂಟಲು ಸರಿಮಾಡಿಕೊಂಡ. ಹುಟ್ಟಿದಂದಿನಿಂದ ಕೇಳುತ್ತ ಬಂದ ಸಾಲು, ಆದರೆ ಹೇಳಿದ್ದು ಒಮ್ಮೆಯೂ ಇಲ್ಲ. ಕಿವಿಯಲ್ಲಿ ಇದ್ದದ್ದು ನಾಲಿಗೆಗೆ ಬರಲು ಒದ್ದಾಡಿತು. ಮೊದಲ ಸಲ ತೀರ ಮೇಲಿನ ದನಿಯಲ್ಲಿ ಎತ್ತಿಕೊಂಡು ಕೆಮ್ಮಿದ. ಎರಡನೆಯ ಸಲ ರಾಗ ಸಿಕ್ಕಿತು.

“ಏನಾಯ್ತು ನನ್ನ ರಾಣಿಗೆ?
ಯಾರು ಬೈದರು ನನ್ನ ಹೂವ, ಯಾರು ಮುನಿದರು?
ಬೈದ ಬಾಯಿಗೆ ಬೀಗ ಜಡಿದು ಕೀಲಿ ಎಸೆವೆನು.”

ಕೊನೆಗೆ ಬರುವ ಹೊತ್ತಿಗೆ ಅವನ ದನಿ ನಡುಗುತ್ತಿತ್ತು. ಬಾಗಿಲ ಮುಂದೆ ಕೂಗಿದಾಗಿನ ಭಯ ಇನ್ನೂ ಅದರಲ್ಲಿ ಉಳಿದಿತ್ತು. ಬೇಸಿನ್ನಿನ ನಲ್ಲಿ ಒಳಗೆ ಇನ್ನೂ ಟಪ್, ಟಪ್ ಎಂದು ತೊಟ್ಟಿಕ್ಕುತ್ತಿತ್ತು.

ಅವಳು ಗೋಡೆಯಿಂದ ಮುಖ ತಿರುಗಿಸಿದಳು.

“ಎಲ್ಲಿಗೆ ಎಸೀತೀರ?”

“ಮೊದ್ಲು ಒಂದು ವಾಷರ್ ಹಾಕ್ತೀನಿ,” ಎಂದ ನಲ್ಲಿಯಣ್ಣ. “ಆಮೇಲೆ ಬಾವಿಗೆ.”

ಅವಳು ನಕ್ಕಳು. ಆ ದಿನದ ಮೂರನೆಯ ನಗೆ. ಇದು ಅವನಿಗೆ ನೋವು ಮಾಡಲಿಲ್ಲ. ಅವಳು ಎದ್ದು ನಿಂತಳು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅನ್ನದ ತಟ್ಟೆಯನ್ನು ಅವಳ ಕೈಗೆ ಕೊಟ್ಟಳು. “ಪಾಪ, ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀನು.” ಮಾಸ್ತರರು ನಲ್ಲಿಯಣ್ಣನ ಕೈಗೆ ಬಕೆಟ್ಟನ್ನೂ ನೆಲ ಒರೆಸುವ ಬಟ್ಟೆಯನ್ನೂ ಕೊಟ್ಟು, “ಇಲ್ಲಿ ಮುಗಿಸಿ ನನ್ನ ಮನೆಗೆ ಬನ್ನಿ,” ಎಂದರು.

ಒಬ್ಬೊಬ್ಬರಾಗಿ ಎಲ್ಲರೂ ಇಳಿದು ಹೋದರು. ಅವಳು ಮೆಟ್ಟಿಲ ಮೇಲೆ ನಿಂತೇ ಉಣ್ಣತೊಡಗಿದಳು. ನಲ್ಲಿಯಣ್ಣ ಬಕೆಟ್ ಹಿಡಿದು, ತಲೆಯಿಂದ ನೀರು ಸುರಿಸಿಕೊಂಡು, ಮುರಿದ ಬಾಗಿಲನ್ನೊಮ್ಮೆ, ಮುಂದಿದ್ದ ಕೆಲಸವನ್ನೊಮ್ಮೆ ನೋಡಿದ. ಅವನ ಭುಜ ನೋಯುತ್ತಿತ್ತು. ಹೊಟ್ಟೆ ಕೂಗುತ್ತಿತ್ತು. ಎಲ್ಲರ ಮುಂದೆ ಮಾನ ಹೋಗಿತ್ತು. ಇಷ್ಟೆಲ್ಲ ಆದ ಮೇಲೂ ಇನ್ನೊಂದು ಉಳಿದೇ ಇತ್ತು. ಬಕೆಟ್ ಕೆಳಗಿಟ್ಟು, ಅವಳ ಹತ್ತಿರ ಬಂದು, ಮೆಲ್ಲಗೆ ಕೇಳಿದ:

“ನಾನು ನಿಂಗೆ ಹೇಳಿದ್ನಲ್ಲ. ಈಗ ನೀನು ನಂಗೆ ಒಂದ್ಸಲ ಹೇಳೇ. ಒಂದೇ ಒಂದ್ಸಲ. ರಾಗ ಇಲ್ದಿದ್ರೂ ಪರ್ವಾಗಿಲ್ಲ.”

ಅವಳು ಬಾಯಲ್ಲಿದ್ದ ತುತ್ತು ನುಂಗಿದಳು.

“ಹೇಳಲ್ಲ.”